ಮನೆಗಾಡಿಗೆ ಒಂದು ಹಾಡಿನ ಪೆಟ್ಟಿಗೆ

ಊರಿನವರೆಲ್ಲ ಅವನನ್ನು ಗಿರಣಿಯಣ್ಣ ಎನ್ನುತ್ತಿದ್ದರು, ಅವನ ಹೆಂಡತಿಯನ್ನು ಹಿಟ್ಟಕ್ಕ. ಗಿರಣಿ ಮುಚ್ಚಿ ಒಂದು ಬೇಸಿಗೆ ಕಳೆದಿದ್ದರೂ ಹೆಸರು ಮಾತ್ರ ಮುಚ್ಚಿರಲಿಲ್ಲ. ಅಕ್ಕನ ಹುಬ್ಬಿನ ಸಂದಿಯಲ್ಲಿ ಇನ್ನೂ ಎರಡು ಹಿಡಿ ಹಿಟ್ಟು ಉಳಿದಿದೆ ಎಂದು ಅವಳ ತಮ್ಮ ತಮಾಷೆ ಮಾಡಿದರೆ, "ಅದು ಹಿಟ್ಟಲ್ಲ ಕಣೋ, ನರೆ" ಎಂದು ಅವಳು ನಗುತ್ತಿದ್ದಳು.

ಗಿರಣಿಯ ಕೆಲಸವೆಂದರೆ ಬಾಯಿದ್ದೂ ಮೂಗರಾಗುವ ಕೆಲಸ. ಬೆಲ್ಟು ಒಮ್ಮೆ ಓಡತೊಡಗಿತೆಂದರೆ ಗೋಡೆ, ನೆಲ, ಬಾಯೊಳಗಿನ ಹಲ್ಲು ಎಲ್ಲವೂ ಅದರ ಜೊತೆ ಅದುರುತ್ತವೆ. ಗಂಟಲು ಹರಿದುಕೊಂಡರೂ ಮಾತು ಮೊಳದಾಚೆಗೆ ಮುಟ್ಟದು. ಅದಕ್ಕೇ ಗಿರಣಿಯವರು ದನಿಯ ಗೊಡವೆ ಬಿಟ್ಟು ತುಟಿಯಲ್ಲೇ ಮಾತಾಡುವುದನ್ನು ಕಲಿಯುತ್ತಾರೆ. 'ಎರಡು ಮೂಟೆ ಬಂತು', 'ಇದು ಹಸಿ ಕಾಳು, ಬಿಸಿಲಿಗೆ ಹಾಕಲಿ', 'ಆ ಮುದುಕ ಮತ್ತೆ ತಕ್ಕಡಿ ನೋಡಿ ಗೊಣಗುತ್ತಿದ್ದಾನೆ' ಎಂಬುದೆಲ್ಲ ಆ ತುದಿಯಿಂದ ಈ ತುದಿಗೆ ಸದ್ದಿಲ್ಲದೆ ಹೋಗುತ್ತಿತ್ತು, ಬರುತ್ತಿತ್ತು. ಅವನು ಬಾಗಿಲ ಬಳಿ ತಕ್ಕಡಿಯ ಮುಂದೆ ಕೂರುತ್ತಿದ್ದ. ಅವಳು ಒಳಗೆ, ಬೀಸುವ ಕಲ್ಲಿನ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಹಿಟ್ಟು ನುಣ್ಣಗಾಯಿತೇ, ತರಿ ಉಳಿಯಿತೇ ಎಂದು ಬೆರಳಲ್ಲಿ ಉಜ್ಜಿ ಹೇಳುವ ಗುಣ ಅವಳ ಕೈಗಿತ್ತು. ಹಾಗಾಗಿ ಆ ಜಾಗ ಅವಳದೇ ಎಂದು ಮದುವೆಯ ಹೊಸದರಲ್ಲೇ ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಅಲ್ಲಿ ಅವಳ ಅತ್ತೆ ನಿಲ್ಲುತ್ತಿದ್ದಳು.

ಆ ಜಾಗದಲ್ಲಿ ನಿಂತು ಅವಳು ಹಾಡುತ್ತಿದ್ದಳು. ಗಿರಣಿಯಣ್ಣ ಅದನ್ನು ನೋಡಿದ್ದನೇ ಹೊರತು ಕೇಳಿರಲಿಲ್ಲ. ಕಾಳು ಸುರಿಯುತ್ತಾ ಅವಳ ತುಟಿ ಅರಳುವುದು, ಗಂಟಲ ನರ ಏರುವುದು, ಒಂದು ಕಡೆ ಬಂದಾಗ ಕಣ್ಣು ತಾನಾಗಿ ಮುಚ್ಚುವುದು ಇವಿಷ್ಟನ್ನೂ ಅವನು ಬಾಗಿಲಿಂದ ಕಂಡಿದ್ದ. ಮನೆಯಲ್ಲಿ ಒಮ್ಮೆ ಹಾಡು ಎಂದರೆ, "ಅಯ್ಯೋ ಹೋಗ್ರಿ, ಯಾರಿಗೂ ಕೇಳಲ್ಲ ಅಂತಲೇ ಅಲ್ಲಿ ಹಾಡೋದು. ಇಲ್ಲಿ ಗೋಡೆಗೂ ಕಿವಿ" ಎನ್ನುತ್ತಿದ್ದಳು. ಅವನು ಬಲವಂತ ಮಾಡುತ್ತಿರಲಿಲ್ಲ. ಗಿರಣಿ ಒಂದಲ್ಲ ಒಂದು ದಿನ ನಿಲ್ಲುತ್ತದೆ, ಆಗ ಕೇಳಿದರಾಯಿತು ಎಂದುಕೊಂಡು ದಿನ ತಳ್ಳಿದ್ದ. ಯಾರಿಗೂ ಹೇಳಿಕೊಳ್ಳದ ಆಸೆ ಅದು. ಇಷ್ಟು ಕಾಲ ಜೊತೆಗಿದ್ದು ಹೆಂಡತಿಯ ಹಾಡು ಕೇಳಿಲ್ಲವೆಂದರೆ ಜನ ನಗುತ್ತಾರಷ್ಟೆ.

ಪೊಟ್ಟಣದ ಹಿಟ್ಟು ಅಂಗಡಿ ಅಂಗಡಿಗೂ ಬಂದ ಮೇಲೆ ಗಿರಣಿಗೆ ಬರುವವರು ಬರಿಯ ಹರಟೆಗೆ ಬರತೊಡಗಿದರು. ಒಂದು ಬೆಳಿಗ್ಗೆ ಅವನು ಬೆಲ್ಟು ಬಿಚ್ಚಿ ಸುರುಳಿ ಸುತ್ತಿಟ್ಟ. ಅಂದು ಅವಳು ಅಂಗಳದಲ್ಲಿ ನಿಂತು, "ಅಬ್ಬಾ, ಎಷ್ಟು ನಿಶ್ಶಬ್ದ ರೀ! ಲೋಕಕ್ಕೆ ಲೋಕವೇ ಮಲಗಿದ ಹಾಗಿದೆ" ಎಂದಳು. ಅವನಿಗೂ ಅಂದು ಹಾಗೇ ಅನ್ನಿಸಿತ್ತು. ಆಮೇಲೆ ಅವನಿಗೆ ಒಂದೊಂದೇ ಸದ್ದು ತಿರುಗಿ ಬಂತು. ಹಿತ್ತಲ ನಲ್ಲಿ ತೊಟ್ಟಿಕ್ಕುವುದು, ಪಕ್ಕದ ಮನೆಯ ಕೂಸು ಅಳುವುದು, ಮಾಡಿನ ತಗಡು ಬಿಸಿಲಿಗೆ ಟಿಕ್ಕೆನ್ನುವುದು ಎಲ್ಲ ಕೇಳತೊಡಗಿತು. ಅವಳು ಮಾತ್ರ ದಿನಾ ಎದ್ದು "ಎಷ್ಟು ನಿಶ್ಶಬ್ದ" ಎನ್ನುತ್ತಲೇ ಇದ್ದಳು. ಪಾಪ, ಅಷ್ಟು ದಣಿದಿದ್ದಾಳೆ ಎಂದು ಅವನು ತಿಳಿದ.

ಹಿಟ್ಟಿನ ಮೂಟೆ ಹೊರುತ್ತಿದ್ದ ಹಳೆಯ ವ್ಯಾನನ್ನೇ ಊರೂರು ಸುತ್ತಲೆಂದು ಅವರು ಮನೆಗಾಡಿ ಮಾಡಿಕೊಂಡರು. ಅವಳ ತಮ್ಮ ವೆಲ್ಡಿಂಗ್ ಕೆಲಸದವನು. ಮಡಚುವ ಮಂಚ, ಒಂದು ಒಲೆ ಕೂರುವ ಕಟ್ಟೆ, ತಲೆಯ ಮೇಲೆ ಕಪಾಟುಗಳು ಎಲ್ಲ ಅವನ ಕೈಯವೇ. "ಭಾವ, ಇದರೊಳಗೆ ಜಗಳ ಆಡಿದ್ರೆ ಎದ್ದು ಹೋಗೋಕೆ ಇನ್ನೊಂದು ಕೋಣೆ ಇಲ್ಲ, ನೆನಪಿಟ್ಕೊಳ್ಳಿ" ಎಂದು ಬೀಗದ ಕೈ ಕೊಟ್ಟಿದ್ದ. ಆಮೇಲೆ ಅಕ್ಕನ ಕಡೆ ನೋಡಿ, "ಜಗಳ ಎಲ್ಲಿಂದ ಬರುತ್ತೆ, ಈ ವಯಸ್ಸಲ್ಲೂ ಭಾವನ ಮುಖದಿಂದ ಕಣ್ಣು ಕೀಳಲ್ಲ ನೀನು" ಎಂದ. ಗಿರಣಿಯಣ್ಣ ಗದರಿದನಾದರೂ ಒಳಗೊಳಗೆ ಹಿಗ್ಗಿದ. ಹೌದು, ಅವಳು ನೋಡುತ್ತಿದ್ದಳು. ಇತ್ತೀಚೆಗಂತೂ ಹೊಸ ಮದುವಣಗಿತ್ತಿಯ ಹಾಗೆ ನೋಡುತ್ತಿದ್ದಳು.

ಆದರೂ ಮೊದಲ ಪ್ರಯಾಣದಲ್ಲೇ ಮುನಿಸು ಬಂತು.

"ನೀವ್ಯಾಕೆ ಮಾತೇ ಆಡ್ತಿಲ್ಲ?" ಎಂದಳು, ಒಂದಿಷ್ಟು ದೂರ ಹೋದ ಮೇಲೆ.

"ಆಡ್ತಾನೇ ಇದೀನಲ್ಲೇ. ಆಗಿನಿಂದ ಆ ಸೇತುವೆ ಕಟ್ಟಿದ ಕತೆ ಹೇಳ್ತಿದೀನಿ" ಎಂದ ಅವನು, ಕಣ್ಣು ರಸ್ತೆಯ ಮೇಲಿಟ್ಟು.

ಅವಳು ಸ್ವಲ್ಪ ಕಾದು, "ನೋಡಿ, ಮತ್ತೆ ಸುಮ್ಮನೆ. ಸ್ಟೀರಿಂಗ್ ಕೈಗೆ ಬಂದಿದ್ದೇ ದೊಡ್ಡ ಮನುಷ್ಯ ಆಗ್ಬಿಟ್ರಿ" ಎಂದಳು.

ತನ್ನ ಕತೆ ಅವಳಿಗೆ ಬೇಸರವಾಗಿರಬೇಕು, ಅದಕ್ಕೇ ಈ ಚುಚ್ಚು ಎಂದು ಅವನಿಗೆ ನೋವಾಯಿತು. ನಿಜವಾಗಿಯೂ ಸುಮ್ಮನಾದ. ಸಂಜೆ ಗಾಡಿ ನಿಲ್ಲಿಸಿ ಎದುರು ಬದುರು ಕೂತಾಗ ಅವಳೇ ರಾಜಿಗೆ ಬಂದಳು. "ಗಾಡಿಯೇನೋ ಹೂವಿನ ಹಾಗೆ ಓಡುತ್ತೆ ರೀ, ಒಂದು ಚೂರು ಸದ್ದಿಲ್ಲ. ಆದ್ರೆ ಸುಮ್ಮನೆ ಕೂತು ಕೂತು ಬೇಜಾರು. ಇದರಲ್ಲೊಂದು ಹಾಡು ಬೇಕು. ಈಗ ತಂತಿ ಇಲ್ಲದ ಪೆಟ್ಟಿಗೆ ಬಂದಿದ್ಯಂತಲ್ಲ." ಆಮೇಲೆ ನಾಚಿಕೆಯಿಂದ, "ಹಾಡು ಹಾಕಿದ್ರೆ ನಾನೂ ಜೊತೆಗೆ ಹಾಡ್ತೀನೋ ಏನೋ" ಎಂದಳು.

ಆ ಹಳೆಯ ಇಂಜಿನ್ನಿಗೆ ಹೂವಿನ ಹೋಲಿಕೆ ಕೊಟ್ಟದ್ದು ತಮ್ಮನ ಕೈಕೆಲಸದ ಗೇಲಿ ಎಂದುಕೊಂಡು ಅವನು ನಕ್ಕ. ಅವನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

ಆ ಒಂದು ಮಾತಿಗಾಗಿ ಅವರು ಪೇಟೆಗೆ ಬಂದರು. ತಮ್ಮನೂ ಜೊತೆಗೆ ಬಂದ, ಕಪಾಟಿನ ಅಳತೆ ಅವನಿಗೆ ಗೊತ್ತಿತ್ತು. ಅಂಗಡಿಯ ಮುಂದೆ ದೊಡ್ಡ ಹಜಾರ, ಗೋಡೆ ತುಂಬ ಪೆಟ್ಟಿಗೆಗಳು. ಹಿಂದೆ ಗಾಜಿನ ಬಾಗಿಲಿನ ಒಂದು ಕೋಣೆ. ಹೊರಗಿನ ಗದ್ದಲ ಬಾರದಂತೆ ಅದರ ಗೋಡೆಗೆ ಮೆತ್ತನೆಯ ಹಾಸು ಹೊಡೆದಿದ್ದರು. ಅಂಗಡಿಯಾಕೆ ಮಾತಿನಲ್ಲಿ ಚುರುಕು. ಗಾಡಿ ಎಷ್ಟು ಉದ್ದ, ಇಂಜಿನ್ ನಿಲ್ಲಿಸಿದ ಮೇಲೂ ಹಾಡಬೇಕೇ, ಹೊರಗೆ ಮರದ ಕೆಳಗೂ ಒಯ್ಯುತ್ತೀರಾ ಎಂದೆಲ್ಲ ಕೇಳಿದಳು.

"ತಗಡು ಕೊರೆಯೋದು ಬೇಡ, ತಂತಿ ಎಳೆಯೋದು ಬೇಡ. ಹಾಡು ಫೋನಿಂದ ನೇರ ಪೆಟ್ಟಿಗೆಗೆ ಹೋಗುತ್ತೆ" ಎಂದಳು.

"ಅಂದ್ರೆ ನಮ್ಮಕ್ಕ ಭಾವನ ಹಾಗೇ" ಎಂದ ತಮ್ಮ. "ಅವರ ಮಾತುಕತೆ ಎಲ್ಲ ಹೀಗೇ, ಸದ್ದೂ ಇಲ್ಲ, ತಂತಿಯೂ ಇಲ್ಲ."

ಹಿಟ್ಟಕ್ಕ ಅಂಗಡಿಯಾಕೆಯ ಎದುರಿಗೇ ನಿಂತು ಅವಳ ಒಂದೊಂದು ಮಾತಿಗೂ ಸರಿಯಾಗಿ ಉತ್ತರ ಕೊಟ್ಟಳು. ದಾರಿಯ ಧೂಳು ಒಳಗೆ ಹೋದರೆ ಕೆಡುತ್ತದೆಯೇ, ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ, ಬ್ಯಾಟರಿ ಮುಗಿದರೆ ಹೇಗೆ ತಿಳಿಯುತ್ತದೆ ಎಂದು ಅವಳು ಕೇಳಿದ್ದನ್ನು ನೋಡಿ ಗಿರಣಿಯಣ್ಣನಿಗೆ ಹೆಮ್ಮೆಯೆನಿಸಿತು. ಮೂರನ್ನು ಆರಿಸಿ ಗಾಜಿನ ಕೋಣೆಯಲ್ಲಿಟ್ಟರು. ಕಪಾಟಿನ ಕೆಳಗೆ ಕೂರುವ ಉದ್ದ ಪಟ್ಟಿಯಂಥದ್ದು ಒಂದು. ಬೆನ್ನಿಗೆ ಆಯಸ್ಕಾಂತವಿದ್ದು ತಗಡಿಗೆ ತಾನೇ ಅಂಟಿಕೊಳ್ಳುವ ಚಿಕ್ಕ ಜೋಡಿ ಇನ್ನೊಂದು. "ಅಣ್ಣನ ಕಡೆ ಒಂದು, ಅಕ್ಕನ ಕಡೆ ಒಂದು. ಹಾಡು ಇಬ್ಬರ ಮಧ್ಯೆ ನಿಲ್ಲುತ್ತೆ" ಎಂದಳು ಅಂಗಡಿಯಾಕೆ. ಮೂರನೆಯದು ಮಂಚದ ಕೆಳಗೆ ತಳ್ಳಬಹುದಾದ ದಪ್ಪ ಕರಿ ಪೆಟ್ಟಿಗೆ.

ಮೊದಲಿನದನ್ನು ಹಾಕಿದಾಗ ಹಿಟ್ಟಕ್ಕ ಅದರ ಮೇಲೆ ಅಂಗೈ ಇಟ್ಟು, ಜರಡಿಯಿಂದ ಬಿದ್ದ ಹಿಟ್ಟನ್ನು ನೋಡುವ ಹಾಗೆ ತಲೆ ವಾಲಿಸಿ, ಪರವಾಗಿಲ್ಲ ಎಂದಳು. ಅಷ್ಟರಲ್ಲಿ ಹಜಾರದಲ್ಲಿ ಯಾರೋ ಕರೆದರೆಂದು ಅಂಗಡಿಯಾಕೆ ಎದ್ದಳು. "ಜೋಡಿಯನ್ನ ನಾನು ಅಲ್ಲಿಂದಲೇ ಹಾಕ್ತೀನಿ, ಕೇಳ್ತಾ ಇರಿ" ಎಂದು ಬಾಗಿಲೆಳೆದುಕೊಂಡು ಹೋದಳು. ಹೊರಗೆ ಅವಳು ಫೋನು ಒತ್ತುವುದು ಕಂಡಿತು. ಹಾಡು ಶುರುವಾದದ್ದು ಹಜಾರದ ಗೋಡೆಯ ಬೇರೊಂದು ಪೆಟ್ಟಿಗೆಯಲ್ಲಿ. ಅವಳ ಫೋನು ಬೆಳಗಿನಿಂದ ಅದಕ್ಕೇ ಕಟ್ಟಿಕೊಂಡಿತ್ತೇನೋ. ಗಾಜಿನಾಚೆಯಿಂದ ಅದು ಬಾವಿಯೊಳಗಿನ ದನಿಯಂತೆ ಕೇಳುತ್ತಿತ್ತು. ಕೋಣೆಯೊಳಗೆ ಜೋಡಿಯ ನೀಲಿ ದೀಪಗಳೇನೋ ಹೊತ್ತಿದ್ದವು, ದನಿ ಮಾತ್ರ ಇರಲಿಲ್ಲ.

ಹಿಟ್ಟಕ್ಕ ದೀಪಗಳ ಮುಂದೆ ಬಾಗಿ ತಲೆದೂಗಿದಳು. "ಇದು ಚೆನ್ನಾಗಿದೆ ರೀ. ಹದವಾಗಿದೆ. ಮೊದಲಿನದು ಒರಟು, ಇದೇ ನಯ."

ತಮ್ಮ ಹೊಟ್ಟೆ ಹಿಡಿದು ನಕ್ಕ. "ಅಕ್ಕಾ, ಅದು ಹಾಡ್ತಾನೇ ಇಲ್ಲ! ಹಾಡ್ತಿರೋದು ಹೊರಗಡೆ!"

ಅವಳು ತಿರುಗಲಿಲ್ಲ. ಪೆಟ್ಟಿಗೆಯ ಅಂಚಿನ ಧೂಳನ್ನು ಬೆರಳಲ್ಲಿ ತೆಗೆಯುತ್ತಿದ್ದಳು.

"ನೋಡಿ ಭಾವ, ಸಿಕ್ಕಿಬಿದ್ದಿದ್ದಕ್ಕೆ ಕೇಳದವಳ ಹಾಗೆ ಬೇರೆ" ಎಂದು ತಮ್ಮ ಇನ್ನಷ್ಟು ನಕ್ಕ.

ಗಿರಣಿಯಣ್ಣ ನಗಲಿಲ್ಲ. ಅವಳ ಬೆನ್ನ ಹಿಂದೆ ಹೋಗಿ ನಿಂತು, "ಇವಳೇ" ಎಂದ. ಮನೆಯಲ್ಲಿ ಕರೆಯುವ ದನಿ. ಇನ್ನೊಮ್ಮೆ ಸ್ವಲ್ಪ ಏರಿಸಿ ಕರೆದ. ಮೂರನೆಯ ಸಲ ಹೊಲದಾಚೆಯವರನ್ನು ಕೂಗುವಂತೆ ಕೂಗಿದ. ಗೋಡೆಯ ಮೆತ್ತನೆ ಹಾಸು ಆ ಕೂಗನ್ನು ನುಂಗಿತು. ತಮ್ಮನ ನಗು ಬಾಯಲ್ಲೇ ಒಣಗಿತು. ಅವಳು ತನ್ನಷ್ಟಕ್ಕೆ ಹಿಂದಿರುಗಿ ಇಬ್ಬರನ್ನೂ ನೋಡಿ, "ಏನಾಯ್ತು? ಗರ ಬಡಿದೋರ ಹಾಗೆ ನಿಂತಿದ್ದೀರಲ್ಲ" ಎಂದಳು.

ಅವನು ಏನೂ ಇಲ್ಲ ಎಂದು ತಲೆಯಾಡಿಸಿದ. ಒಳಗೆ ಒಂದೊಂದಾಗಿ ಬಿಚ್ಚಿಕೊಳ್ಳತೊಡಗಿತ್ತು. ಅಂಗಳದಲ್ಲಿ ಮಲಗಿದ ಲೋಕ, ಹೂವಿನ ಹಾಗೆ ಓಡುವ ಗಾಡಿ, ರಸ್ತೆಗೆ ಹೇಳಿದ ಸೇತುವೆಯ ಕತೆ. ತನ್ನ ಮುಖದ ಮೇಲೆ ನೆಟ್ಟ ಆ ಕಣ್ಣು! ಅದನ್ನು ಅವನು ಏನೆಂದುಕೊಂಡು ಹಿಗ್ಗಿದ್ದ!

ಅಂಗಡಿಯಾಕೆ ಬಂದು ತಪ್ಪಾಯಿತೆಂದು ಹೇಳಿ ಕರಿ ಪೆಟ್ಟಿಗೆಯನ್ನು ಹಾಕಿದಳು. ಹಿಟ್ಟಕ್ಕ ಎರಡೂ ಅಂಗೈ ಅದರ ಮೇಲಿಟ್ಟಳು. "ಇದು!" ಎಂದಳು. "ಇದು ಎಷ್ಟು ಚೆನ್ನಾಗಿ ಹಾಡುತ್ತೆ ರೀ!" ಆಗ ಅದರಲ್ಲಿ ಹಾಡೇ ಇರಲಿಲ್ಲ, ಬರಿಯ ಡೋಲು. ಹಾಡುವವಳ ದನಿ ಬಂದಾಗ ಅವಳ ಮುಖ ಆರುತ್ತಿತ್ತು, ಡೋಲು ಬಿದ್ದಾಗ ಅರಳುತ್ತಿತ್ತು. ಅಂಗಡಿಯಾಕೆ ಅದನ್ನು ನೋಡಿದಳು. ಗಿರಣಿಯಣ್ಣನ ತೋಳು ಮುಟ್ಟಿ ಹಜಾರಕ್ಕೆ ಕರೆದೊಯ್ದು ಗಾಜಿನ ಬಾಗಿಲು ಹಾಕಿದಳು.

"ತಪ್ಪು ತಿಳ್ಕೋಬೇಡಿ ಅಣ್ಣ. ಅಕ್ಕನಿಗೆ ಕೇಳಿಸ್ತಿಲ್ಲ. ಕೈಗೆ ಅದುರಿದ್ದನ್ನ ಹಾಡು ಅಂದ್ಕೊಂಡಿದ್ದಾರೆ. ಈಗ ಪೆಟ್ಟಿಗೆ ಬೇಡ, ಮೊದಲು ಕಿವಿ ತೋರಿಸಿ."

"ಅವಳಿಗೆ ಗೊತ್ತಿಲ್ಲಮ್ಮ" ಎಂದ ಅವನು. "ಗಿರಣಿ ನಿಂತಿದ್ದಕ್ಕೇ ಲೋಕ ನಿಶ್ಶಬ್ದ ಆಗಿದೆ ಅಂದ್ಕೊಂಡಿದ್ದಾಳೆ. ನೀವು ಹೇಳ್ಬೇಡಿ. ನಾನು ನಿಧಾನಕ್ಕೆ..."

ಅಷ್ಟು ಹೇಳಿ ತಲೆಯೆತ್ತಿದ. ಗಾಜಿನಾಚೆ ಅವಳು ನೆಟ್ಟಗೆ ನಿಂತಿದ್ದಳು. ಕೈಗಳು ಪೆಟ್ಟಿಗೆಯಿಂದ ಮೇಲೆದ್ದು ಹಾಗೇ ಗಾಳಿಯಲ್ಲಿದ್ದವು. ಕಣ್ಣು ಅವನ ತುಟಿಯ ಮೇಲಿತ್ತು.

ಇವಳ ಕಣ್ಣೆದುರು ಒಂದು ಗುಟ್ಟನ್ನೂ ಆಡಲಾಗದು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹಿಟ್ಟಿನ ಮಬ್ಬಿನಲ್ಲಿ, ಮೂಟೆಗಳ ಸಂದಿಯಿಂದ, ಅರ್ಧ ಮುಖ ಕಂಡರೂ ಓದುತ್ತಿದ್ದವಳು ಅವಳು. ಅವಳಿಂದ ಮುಚ್ಚಿಡಲು ಅವರು ಹಾಕಿಕೊಂಡದ್ದು ಒಂದು ಗಾಜಿನ ಬಾಗಿಲು.

ಅವಳು ಬಾಗಿಲು ತೆರೆದು ಬಂದಳು. "ಯಾರಿಗೆ ಕೇಳಿಸ್ತಿಲ್ಲ?"

ತಮ್ಮನೂ ಅವಳ ಹಿಂದೆಯೇ ಹೊರಗೆ ಬಂದ.

"ಈಗ ಒಳಗೆ ಹಾಡು ನಡೀತಿದೆಯಾ?" ಎಂದು ಅಂಗಡಿಯಾಕೆಯನ್ನು ಕೇಳಿದಳು. ಆಕೆ ಹೌದೆಂದು ತಲೆಯಾಡಿಸಿದಳು. "ಹೊರಗೆ ಆ ಬಸ್ಸು ಲಾರಿ ಎಲ್ಲ ಸದ್ದು ಮಾಡ್ತಿವೆಯಾ?" ಅದಕ್ಕೂ ಆಕೆ ತಲೆಯಾಡಿಸಿದಳು. ಹಿಟ್ಟಕ್ಕ ತಮ್ಮನ ಕಡೆ ತಿರುಗಿದಳು. "ನಮ್ಮ ಗಾಡಿ?"

ಅವನು ನೆಲ ನೋಡುತ್ತಾ ಏನೋ ಹೇಳಿದ.

"ತಲೆ ಎತ್ತಿ ಹೇಳೋ."

"ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಕ್ಕ."

"ಹೂವಿನ ಹಾಗೆ ಅಂದಿದ್ದೆ ನಾನು" ಎಂದಳು. ಒಂದು ನಗು ಬರಲು ಹೊರಟು ಬರಲಿಲ್ಲ.

ಗಿರಣಿಯಣ್ಣ ಅವಳೆದುರು ಬಂದು, ಡಾಕ್ಟರಿದ್ದಾರೆ, ಕಿವಿಗೆ ಮಿಷನ್ ಹಾಕುತ್ತಾರೆ, ನಾಳೆಯೇ ಹೋಗೋಣ ಎಂದ. ಅವಳು ಅವನ ತುಟಿಯನ್ನು ಕೊನೆಯವರೆಗೂ ಓದಿದಳು. ಆಮೇಲೆ ಬಹಳ ಮೆಲ್ಲಗೆ, ಅಥವಾ ಮೆಲ್ಲಗೆ ಎಂದುಕೊಂಡು ಇಡೀ ಹಜಾರಕ್ಕೆ ಕೇಳುವಂತೆ, "ಅತ್ತೆಗೂ ಹಾಕಿಸಿದ್ವಲ್ಲ ರೀ" ಎಂದಳು. "ಕಲ್ಲು ಬೀಸೋ ಸದ್ದೇ ದೊಡ್ಡದಾಗಿ ಕೇಳುತ್ತೆ, ಮಾತು ಮಾತ್ರ ಕೇಳಲ್ಲ ಅಂತ ಕಿತ್ತಿಟ್ರು. ವಯಸ್ಸಾಯ್ತು ಅಂದ್ವಿ. ನಾನು ನಿಂತಿದ್ದೂ ಅವರು ನಿಂತಿದ್ದ ಜಾಗವೇ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಕಿವಿಗೆ ಹತ್ತಿಯಾದರೂ ಇಟ್ಟುಕೋ ಎಂದು ತಾಯಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಅವನ ತಕ್ಕಡಿ ಇದ್ದದ್ದು ಬಾಗಿಲ ಬಳಿ, ಗಾಳಿಯಲ್ಲಿ.

"ಬಾ, ಹೋಗೋಣ" ಎಂದ.

"ಬಂದ ಕೆಲಸ ಬಿಟ್ಟು ಹೋಗೋದಾ?" ಎಂದು ಅವಳು ಒಳಗೆ ಹೋಗಿ ಚಿಕ್ಕ ಜೋಡಿಯಲ್ಲಿ ಒಂದನ್ನು ತಂದು ಅಂಗಡಿಯಾಕೆಯ ಮುಂದಿಟ್ಟಳು. "ಇದರಲ್ಲಿ ಒಂದೇ ಕೊಡೋಕಾಗುತ್ತಾಮ್ಮ? ಇವರ ಕಡೆ ಅಂಟಿಸ್ತೀವಿ. ಕೇಳೋರು ಇವರೊಬ್ಬರೇ ತಾನೆ."

"ಬೇಡ ಕಣೇ" ಎಂದು ಅವನು ಅವಳ ಕೈ ಹಿಡಿದ.

"ಯಾಕೆ ಬೇಡ? ದಾರಿಯುದ್ದಕ್ಕೂ ನನ್ನ ಬೇಜಾರು ಜೊತೆಗೆ ನಿಮ್ಮ ಬೇಜಾರೂ ಸೇರಬೇಕಾ?"

ಅಂಗಡಿಯಾಕೆ ಜೋಡಿಯನ್ನು ಒಡೆಯುವುದಿಲ್ಲ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಒಂದನ್ನೇ ಕಟ್ಟಿಕೊಟ್ಟಳು. ತಮ್ಮ ತನಗೆ ಪೇಟೆಯಲ್ಲಿ ಕೆಲಸವಿದೆ, ಬಸ್ಸಿನಲ್ಲಿ ಬರುತ್ತೇನೆ ಎಂದ. ಅವನಿಗೆ ಕೆಲಸವೇನೂ ಇರಲಿಲ್ಲ.

ಗಾಡಿಯಲ್ಲಿ ಅವಳೇ ಪೆಟ್ಟಿಗೆಯನ್ನು ಬಿಚ್ಚಿ ಅವನ ಬದಿಯ ಬಾಗಿಲ ತಗಡಿಗೆ ಅಂಟಿಸಿದಳು. ಪೇಟೆ ದಾಟಿ ರಸ್ತೆ ಬಯಲಿಗೆ ಬಿದ್ದಾಗ, "ಹಾಕಿ" ಎಂದಳು. ಅವನು ಕೇಳದವನಂತೆ ಇದ್ದ. "ಹಾಕಿ ಅಂದೆ." ಅವನು ಗಾಡಿ ನಿಧಾನಿಸಿ ಫೋನು ಒತ್ತಿದ. ನೀಲಿ ದೀಪ ಹೊತ್ತಿತು, ಹಾಡು ಬಂತು. ನದಿ ದಾಟಿ ತವರಿಗೆ ಹೋಗುವವಳ ಒಂದು ಹಳೆಯ ಹಾಡು. ಇಂಜಿನ್ನಿನ ಗಡಗಡ ಸದ್ದಿನ ಮೇಲೂ ಅದು ತಿಳಿಯಾಗಿ ಕೇಳುತ್ತಿತ್ತು. ಒಳ್ಳೆಯ ಪೆಟ್ಟಿಗೆಯನ್ನೇ ಆರಿಸಿದ್ದಳು. ಹಾಡು ನಿಲ್ಲಿಸಿಬಿಡೋಣ ಎಂದರೆ ಅವಳು ದೀಪವನ್ನೇ ನೋಡುತ್ತಿದ್ದಳು. ಹಾಗಾಗಿ ಅವನು ಕೇಳಲೇಬೇಕಾಯಿತು, ಒಬ್ಬನೇ.

"ಯಾವ ಹಾಡು?"

ಅವನು ಅವಳ ಕಡೆ ತಿರುಗಿ ಹೇಳಿದ. ಅಷ್ಟರಲ್ಲಿ ಗಾಡಿ ರಸ್ತೆಯಂಚಿಗೆ ಸರಿಯಿತು. ತಟ್ಟನೆ ಎಳೆದುಕೊಂಡ. ಒಂದು ಮಾತಿಗೆ ಇಷ್ಟಾದರೆ ಮುಂದಿನ ಊರುಗಳಿಗೆಲ್ಲ ಹೇಗೆ ಹೋಗುವುದು ಎಂದು ಅವನಿಗೆ ತೋಚಲಿಲ್ಲ. ರಸ್ತೆ ನೋಡಿದರೆ ಅವಳಿಗೆ ಮಾತಿಲ್ಲ, ಅವಳನ್ನು ನೋಡಿದರೆ ರಸ್ತೆಯಿಲ್ಲ.

"ಓ, ಅದಾ" ಎಂದಳು ಅವಳು. "ಅದನ್ನ ದಿನಾ ಹಾಡ್ತಿದ್ದೆ." ಸ್ವಲ್ಪ ಹೊತ್ತು ಎದುರಿನ ಗಾಜನ್ನು ನೋಡಿದಳು. "ಈಗ ನನಗೆ ಎಲ್ಲ ಕಡೆಯೂ ಗಿರಣಿಯೇ ಅಲ್ವಾ ರೀ. ಇನ್ನೇನು ನಾಚಿಕೆ?"

ಹಾಡತೊಡಗಿದಳು.

ಪೆಟ್ಟಿಗೆಯ ಹಾಡು ಒಂದು ದಡದಲ್ಲಿತ್ತು, ಅವಳದು ಇನ್ನೊಂದರಲ್ಲಿ. ದನಿ ಮೇಲೇರಬೇಕಾದಲ್ಲಿ ಬರಿಯ ದೊಡ್ಡದಾಗುತ್ತಿತ್ತು, ಇಳಿಯಬೇಕಾದಲ್ಲಿ ಮುರಿಯುತ್ತಿತ್ತು. ಶ್ರುತಿ ಎಲ್ಲಿಯೂ ಒಂದು ಕಡೆ ನಿಲ್ಲದೆ ಕುರುಡು ಕೈಯಂತೆ ತಡಕುತ್ತಿತ್ತು. ಮಾತುಗಳು ಮಾತ್ರ ಒಂದೂ ತಪ್ಪಿರಲಿಲ್ಲ. ಒಂದು ಕಾಲಕ್ಕೆ ಅದು ಚಂದದ ದನಿಯಾಗಿತ್ತೋ ಏನೋ. ಬೆಲ್ಟಿನ ಆ ಗದ್ದಲದೊಳಗೆ, ಅವನ ಕಣ್ಣೆದುರಿಗೇ, ಒಳ್ಳೆಯ ಹಾಡೊಂದು ದಿನವೂ ಹುಟ್ಟಿ ದಿನವೂ ಹಿಟ್ಟಾಗಿ ಹೋಗಿತ್ತೋ ಏನೋ. ಇನ್ನು ತಿಳಿಯುವ ದಾರಿಯಿರಲಿಲ್ಲ. ಅವನು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ.

ಅವಳು ಹಾಡು ಮುಗಿಸಿದಳು. ಪೆಟ್ಟಿಗೆಯದು ಇನ್ನೂ ಮುಗಿದಿರಲಿಲ್ಲ.

"ಹೇಗಿತ್ತು?"

ಅವನು ರಸ್ತೆಯ ಮೇಲೆ ಕಣ್ಣಿಟ್ಟೇ ಚೆನ್ನಾಗಿತ್ತು ಎಂಬಂತೆ ತಲೆಯಾಡಿಸಿದ.

"ತಲೆ ಆಡಿಸಿಬಿಟ್ರೆ ಆಯ್ತಾ? ನನ್ನ ಕಡೆ ತಿರುಗಿ ಹೇಳಿ."

ಅವನು ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಇಂಜಿನ್ ಆರಿಸಿದ. ಹಿಂದೆ ಬರುತ್ತಿದ್ದ ಲಾರಿ ಉದ್ದಕ್ಕೆ ಹಾರನ್ ಹೊಡೆಯುತ್ತಾ ದಾಟಿ ಹೋಯಿತು. ಅವಳು ಪಕ್ಕದಲ್ಲಿ ಕೂತು, ಅವನ ಮುಖ ತನ್ನ ಕಡೆ ಬರುವುದನ್ನು ಕಾಯುತ್ತಿದ್ದಳು. ಆ ಕಣ್ಣಿಗೆ ಸುಳ್ಳು ಹೇಳಬಲ್ಲ ತುಟಿ ಅವನಿಗಿರಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಅವನು ಎದುರಿನ ಖಾಲಿ ರಸ್ತೆಯನ್ನೇ ನೋಡುತ್ತಾ ಕೂತ.